ಪೀಸ್ ಪುಡಿಂಗ್ ಮಾಡಲು ಹೋದೆ, ಹೂರಣ ಆಗಿ ಕೂತಿದೆ. ದಾರಿ ಹೇಳಿ

ಗೇಟ್ಸ್‌ಹೆಡ್_ಅಮ್ಮಣ್ಣಿ
ಎಲ್ಲರಿಗೂ ನಮಸ್ಕಾರ. ನಮ್ಮೂರು ದಾವಣಗೆರೆ. ಇಂಗ್ಲೆಂಡಿನ ಗೇಟ್ಸ್‌ಹೆಡ್‌ಗೆ ಬಂದು ಎರಡು ವರ್ಷ ಆಯಿತು. ಟೈನ್ ನದಿಯ ಆ ದಡ ನ್ಯೂಕಾಸಲ್, ಈ ದಡ ನಾವು. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಒಬ್ಬರೇ ಇದ್ದಾರೆ. ಹೋದ ತಿಂಗಳು ನನಗೆ ಜ್ವರ ಬಂದಿದ್ದಾಗ ಒಂದು ದಪ್ಪ ಬ್ರೆಡ್ಡಿನ ಮಧ್ಯೆ ಹ್ಯಾಮ್, ಅದರ ಮೇಲೆ ಹಳದಿ ಬಣ್ಣದ್ದೇನೋ ಹಚ್ಚಿ ತಂದುಕೊಟ್ಟರು. ತಣ್ಣಗಿತ್ತು. ಜ್ವರದ ಬಾಯಿಗೆ ಅಷ್ಟು ಹಿತವಾದದ್ದು ಬೇರೆ ಯಾವುದೂ ಇರಲಿಲ್ಲ. ಕೇಳಿದರೆ "ಪೀಸ್ ಪುಡಿಂಗ್" ಅಂದರು. ನಮ್ಮ ಯಜಮಾನರು "ಯಾವ ಪೀಸು, ಲೆಗ್ ಪೀಸಾ?" ಅಂತ ಕೇಳಿ ತಾವೇ ನಕ್ಕರು.

ಬರುವ ಭಾನುವಾರ ಅಜ್ಜಿಯನ್ನು ಊಟಕ್ಕೆ ಕರೆದಿದ್ದೇನೆ. ಅದನ್ನೇ ಮಾಡಿ ಬಡಿಸೋಣ ಅಂತ ನಿನ್ನೆ ಒಂದು ಕೈ ನೋಡಿದೆ. ಇಂಡಿಯನ್ ಅಂಗಡಿಯಿಂದ ಹಳದಿ ಬೇಳೆ ತಂದು ಎರಡೂವರೆ ಗಂಟೆ ಬೇಯಿಸಿದೆ. ಬೆಂದಿದೆ, ಆದರೆ ಒಂದು ಕಾಳೂ ಕರಗಿಲ್ಲ. ಮ್ಯಾಶರ್ ಹಾಕಿ ಕುಟ್ಟಿದರೆ ತರಿತರಿ, ಪುಡಿಪುಡಿ. ಬಾಯಿಗಿಟ್ಟರೆ ಒಣಗಿದ ಹಾಗೆ. ಅಜ್ಜಿ ಕೊಟ್ಟದ್ದು ಬೆಣ್ಣೆ ಹಾಗೆ ಹರಡುತ್ತಿತ್ತು. ಮನೆಯೆಲ್ಲ ಹೋಳಿಗೆ ದಿನದ ವಾಸನೆ ಬೇರೆ. ಎಲ್ಲಿ ತಪ್ಪಿದೆ?

ಹಳೇ_ಕುಕ್ಕರ್
ಕುಕ್ಕರ್‌ನಲ್ಲಿ ಇಟ್ಟಿದ್ದರೆ ಎರಡೂವರೆ ಗಂಟೆ ಯಾಕಮ್ಮ ಬೇಕಿತ್ತು? ಐದು ಸೀಟಿ ಸಾಕು.

ದಿನಸಿ_ತುಮಕೂರು
ಮೇಡಂ, ಹೋಳಿಗೆ ವಾಸನೆ ಬಂತು ಅಂದಮೇಲೆ ಕುಕ್ಕರ್ ಪ್ರಶ್ನೆಯೇ ಇಲ್ಲ. ನೀವು ಬೇಯಿಸಿದ್ದು ಕಡ್ಲೆಬೇಳೆ. ಈ ಅಡುಗೆಗೆ ಬೇಕಾದದ್ದು ಬಟಾಣಿ ಬೇಳೆ.

ಅಪ್ಪನ ಕಾಲದಿಂದ ದಿನಸಿ ಅಂಗಡಿ ನಮ್ಮದು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎರಡೂ ಹಳದಿ, ಎರಡೂ ಒಡೆದ ಬೇಳೆ, ಡಬ್ಬದಲ್ಲಿ ನೋಡಿದರೆ ಅಣ್ಣತಮ್ಮಂದಿರ ಹಾಗೆ. ಒಂದು ಕಾಳು ಅಂಗೈ ಮೇಲೆ ಇಟ್ಟು ಬೆರಳಿಂದ ಹೊರಳಿಸಿ. ಬಟಾಣಿ ಬೇಳೆ ಗೋಲಿಯನ್ನು ಸರಿಯಾಗಿ ಅರ್ಧಕ್ಕೆ ಸೀಳಿದ ಹಾಗೆ ಇರುತ್ತದೆ. ಬೆನ್ನು ನುಣ್ಣಗೆ, ಗುಂಡಗೆ. ಕಡ್ಲೆಬೇಳೆ ಬೆನ್ನು ಅಷ್ಟು ನುಣುಪಲ್ಲ, ಒಂದು ತುದಿ ಕೊಕ್ಕಿನ ಹಾಗೆ ಚೂಪು. ತೊಗರಿಬೇಳೆ ಇವೆರಡಕ್ಕಿಂತ ಚಪ್ಪಟೆ. ಕಡ್ಲೆಬೇಳೆಯ ಸ್ವಭಾವ ಏನು? ಬೆಂದರೂ ಆಕಾರ ಬಿಡಲ್ಲ. ಹೂರಣಕ್ಕೆ, ಪಲ್ಯಕ್ಕೆ ಅದೇ ಒಳ್ಳೆಯದು. ಬಟಾಣಿ ಬೇಳೆ ಹಾಗಲ್ಲ, ಒಂದು ಹಂತ ದಾಟಿದರೆ ತಾನೇ ಕುಸಿದು ಗಂಜಿಯಾಗುತ್ತದೆ.

ನಮ್ಮ ಕಡೆ ಬಟಾಣಿ ಬೇಳೆಗೆ ಮರ್ಯಾದೆ ಕಡಿಮೆ. ಕಡ್ಲೆಬೇಳೆ ರೇಟು ಏರಿದಾಗ ಅದರಲ್ಲಿ ಬೆರೆಸುವುದು, ಕಡ್ಲೆಹಿಟ್ಟಿಗೆ ಸೇರಿಸುವುದು, ಇದಕ್ಕೇ ಅದರ ಹೆಸರು. 2023ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಹಳದಿ ಬಟಾಣಿಯ ಆಮದು ಸುಂಕ ತೆಗೆದ ಮೇಲೆ ಕೆನಡಾ, ರಷ್ಯಾ ಮಾಲು ರಾಶಿ ರಾಶಿ ಬಂತು. ನಿಮ್ಮ ಊರಲ್ಲಿ ಅದೇ ಬೇಳೆಗೆ ಪುಡಿಂಗ್ ಅಂತ ಹೆಸರಿಟ್ಟು ಗೌರವ ಕೊಡುತ್ತಾರೆ ಅಂತ ಕೇಳಿ ಖುಷಿಯಾಯಿತು.

ಗೇಟ್ಸ್‌ಹೆಡ್_ಅಮ್ಮಣ್ಣಿ
ಈಗಷ್ಟೇ ಡಬ್ಬ ತೆಗೆದು ನೋಡಿದೆ. ಕೊಕ್ಕು ಇದೆ ಸರ್! ಪ್ಯಾಕೆಟ್ಟಿನ ಮೇಲೆ ದೊಡ್ಡದಾಗಿ ಚನಾ ದಾಲ್ ಅಂತಲೇ ಬರೆದಿದೆ. ನಾನು ಬಣ್ಣ ನೋಡಿ ತಂದೆ. ಯಜಮಾನರಿಗೆ ಇನ್ನೂ ಹೇಳಿಲ್ಲ. ಎರಡೂವರೆ ಗಂಟೆ ಗ್ಯಾಸ್ ಉರಿಸಿದ್ದೇನೆ.

ಕುಡ್ಲ_ಕುವರ
ಬೆಲ್ಲ ಹಾಕಿ ಹೋಳಿಗೆ ಮಾಡಿಬಿಡಿ ಮಾರಾಯ್ರೆ. ಅರ್ಧ ಕೆಲಸ ಆಗಿಯೇ ಇದೆ.

ಸಂಡರ್‌ಲ್ಯಾಂಡ್_ಸೌಟು
ಇದು ನನ್ನ ಏರಿಯಾ, ಆದ್ದರಿಂದ ಉದ್ದವಾಗಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸಂಡರ್‌ಲ್ಯಾಂಡಿನ ಒಂದು ಕೆಫೆಯಲ್ಲಿ ಒಂಬತ್ತು ವರ್ಷ ಅಡುಗೆ ಮಾಡಿದ್ದೇನೆ. ವಾರಕ್ಕೆ ಎರಡು ಸಲ ದೊಡ್ಡ ಪಾತ್ರೆಯಲ್ಲಿ ಇದನ್ನು ಮಾಡುತ್ತಿದ್ದೆ.

ಮೊದಲು ಹೆಸರು. ಪೀಸ್ ಅಂದರೆ ಬಟಾಣಿಯೇ. ಹಿಂದೆ ಇಂಗ್ಲಿಷಿನಲ್ಲಿ ನಾವು ಅಕ್ಕಿ ಅಂದ ಹಾಗೆ ಒಂದಕ್ಕೂ ರಾಶಿಗೂ "ಪೀಸ್" ಅನ್ನುತ್ತಿದ್ದರು. ಕೊನೆಯಲ್ಲಿ ಸಕಾರ ಇದೆಯಲ್ಲ, ಜನ ಬಹುವಚನ ಅಂದುಕೊಂಡು ಅದನ್ನು ಕತ್ತರಿಸಿ "ಪೀ" ಅಂತ ಏಕವಚನ ಮಾಡಿಕೊಂಡರು. ಹಳೆಯ ರೂಪ ಈ ಅಡುಗೆಯ ಹೆಸರಲ್ಲಿ ಉಳಿದುಕೊಂಡಿದೆ. ಸಸೆಕ್ಸ್ ಕಡೆ ಪೀಸ್ ಪಾಟೇಜ್ ಅಂತ ಒಂದು ಊರೇ ಇದೆ. ಲಂಡನ್ನಿನಿಂದ ಬ್ರೈಟನ್ನಿಗೆ ಕಾರಲ್ಲಿ ಹೋದವರು ಅಲ್ಲಿ ನಿಲ್ಲಿಸಿ ಕಾಫಿ ಕುಡಿದಿರುತ್ತೀರಿ.

ಈಗ ಕೆಲಸಕ್ಕೆ ಬರೋಣ. ನಾಲ್ಕು ಜನಕ್ಕೆ ಕಾಲು ಕಿಲೋ ಬಟಾಣಿ ಬೇಳೆ. ಸೂಪರ್ ಮಾರ್ಕೆಟ್ಟಿನಲ್ಲಿ ಯೆಲ್ಲೊ ಸ್ಪ್ಲಿಟ್ ಪೀಸ್ ಅಂತ ಕೇಳಿ. ರಾತ್ರಿ ನೆನೆಹಾಕಿ. ಹ್ಯಾಮ್ ಹಾಕ್ ಒಂದು ಬೇಕು, ಸುಮಾರು ಒಂದು ಕಿಲೋ ತೂಗುವುದು. ಹಾಕ್ ಅಂದರೆ ಹಂದಿಯ ಕಾಲಿನ ಕೆಳಭಾಗ, ಪಾದಕ್ಕಿಂತ ಸ್ವಲ್ಪ ಮೇಲೆ. (ನಿಮ್ಮ ಯಜಮಾನರು ಲೆಗ್ ಪೀಸ್ ಅಂದದ್ದು ತಪ್ಪೇನಲ್ಲ.) ಉಪ್ಪಿನಲ್ಲಿ ಹಾಕಿಟ್ಟ ಮಾಂಸ ಅದು. ಅದನ್ನೂ ರಾತ್ರಿ ಬೇರೆ ಪಾತ್ರೆಯಲ್ಲಿ ನೆನೆಸಿ, ಬೆಳಿಗ್ಗೆ ಆ ನೀರು ಚೆಲ್ಲಿ. ಇಷ್ಟು ಮಾಡದೆ ಇದ್ದರೆ ಕೊನೆಗೆ ಸಮುದ್ರದ ನೀರು ಕುಡಿದ ಹಾಗೆ ಆಗುತ್ತದೆ.

ಹೊಸ ನೀರು, ಹಾಕ್, ಒಂದು ಈರುಳ್ಳಿ, ಒಂದು ಕ್ಯಾರೆಟ್, ಎರಡು ಬೇ ಎಲೆ, ಹತ್ತು ಕಾಳುಮೆಣಸು. ಸಣ್ಣ ಉರಿಯಲ್ಲಿ ಎರಡೂವರೆಯಿಂದ ಮೂರು ಗಂಟೆ. ಮೊದಲ ಒಂದು ಗಂಟೆ ಆದಮೇಲೆ ನೆನೆದ ಬೇಳೆಯನ್ನು ಮಸ್ಲಿನ್ ಬಟ್ಟೆಯಲ್ಲಿ ಗಂಟುಕಟ್ಟಿ ಅದೇ ಪಾತ್ರೆಗೆ ಇಳಿಸಿ. ಗಂಟು ಸಡಿಲ ಇರಲಿ. ಮೊಳಕೆ ಕಟ್ಟಲು ಹೆಸರುಕಾಳು ಬಿಗಿಯಾಗಿ ಕಟ್ಟುತ್ತೇವಲ್ಲ, ಹಾಗೆ ಕಟ್ಟಬೇಡಿ. ನೆನೆದ ಬೇಳೆ ಬೇಯುವಾಗ ಇನ್ನೂ ಉಬ್ಬುತ್ತದೆ. ಜಾಗ ಇಲ್ಲದಿದ್ದರೆ ನಡುವಿನ ಕಾಳು ಗಟ್ಟಿಯೇ ಉಳಿಯುತ್ತದೆ.

ಗಂಟು ಇಳಿಸಿ ಒಂದೂವರೆ ಗಂಟೆ ಆದಮೇಲೆ ಎತ್ತಿ, ಬಸಿದು, ಬಿಚ್ಚಿ. ಬೆಣ್ಣೆ ಒಂದು ದೊಡ್ಡ ಚಮಚ, ಬಿಳಿ ಮೆಣಸಿನ ಪುಡಿ ಧಾರಾಳವಾಗಿ, ಹಾಕಿ ಮಸೆಯಿರಿ. ಗಟ್ಟಿಯಾದರೆ ಮಾಂಸ ಬೆಂದ ಅದೇ ನೀರು ಒಂದೆರಡು ಸೌಟು. ಉಪ್ಪು ಹಾಕಬೇಡಿ. ಮೊದಲು ರುಚಿ ನೋಡಿ, ಆಮೇಲೂ ಹಾಕಬೇಡಿ.

ಹಳೆಯ ಕ್ರಮದಲ್ಲಿ ಇನ್ನೊಂದು ಹೆಜ್ಜೆ ಇದೆ. ಮಸೆದ ಬೇಳೆಗೆ ಮೊಟ್ಟೆ ಒಡೆದು ಹಾಕಿ, ಮತ್ತೆ ಬಟ್ಟೆಯಲ್ಲಿ ಕಟ್ಟಿ ಅರ್ಧ ಗಂಟೆ ಬೇಯಿಸುತ್ತಿದ್ದರು. ಆಗ ಗಡ್ಡೆಯಾಗಿ ಹೊರಬರುತ್ತದೆ, ಚಾಕುವಿನಲ್ಲಿ ಕೊಯ್ಯಬಹುದು. ಅದಕ್ಕೇ ಪುಡಿಂಗ್ ಅನ್ನೋ ಹೆಸರು ಸಲ್ಲುವುದು. ನಮ್ಮ ಕೆಫೆಯಲ್ಲಿ ಅಷ್ಟು ಪುರಸೊತ್ತು ಇರಲಿಲ್ಲ.

ರೆಡಿಂಗ್_ರಾಯ
ಒಳ್ಳೆಯ ಮಾಹಿತಿ ಗುರುಗಳೇ. ನಮ್ಮಲ್ಲಿ ಫಿಶ್ ಅಂಡ್ ಚಿಪ್ಸ್ ಜೊತೆ ಹಸಿರು ಪೇಸ್ಟು ಕೊಡುತ್ತಾರಲ್ಲ, ಅದೂ ಇದೇನಾ?

ಸಂಡರ್‌ಲ್ಯಾಂಡ್_ಸೌಟು
ಅಲ್ಲ. ಅದು ಮಶಿ ಪೀಸ್. ಮ್ಯಾರೋಫ್ಯಾಟ್ ಅಂತ ದಪ್ಪ ಹಸಿರು ಬಟಾಣಿ, ಗಿಡದಲ್ಲೇ ಒಣಗಿಸಿ ಇಡಿಯಾಗಿ ತೆಗೆದದ್ದು. ರಾತ್ರಿ ಅಡುಗೆ ಸೋಡಾ ಹಾಕಿ ನೆನೆಸುತ್ತಾರೆ. ಪೀಸ್ ಪುಡಿಂಗ್‌ಗೆ ಸೋಡಾ ಬೇಕಿಲ್ಲ.

ರೆಡಿಂಗ್_ರಾಯ
ಇಲ್ಲಿ ಬೇಕಾಗುತ್ತದೆ! ನಮ್ಮ ಕೆಟಲ್ ಒಳಗೆ ಬಿಳಿ ಸುಣ್ಣ ಪದರ ಪದರ ಕಟ್ಟುತ್ತದೆ. ಲಂಡನ್ ಸುತ್ತಮುತ್ತ ಎಲ್ಲ ಗಡಸು ನೀರು. ಹೋದ ಚಳಿಗಾಲದಲ್ಲಿ ಬಟಾಣಿ ಬೇಳೆ ಸೂಪ್ ಮಾಡಲು ಹೋಗಿ ಮೂರು ಗಂಟೆ ಕಾದಿದ್ದೇನೆ. ಕಾಲು ಚಮಚ ಸೋಡಾ ಹಾಕಿದ ಮೇಲೆ ಬೆಂದಿತು.

ದಿನಸಿ_ತುಮಕೂರು
ಬೋರ್ ನೀರಿನ ಕಥೆಯೇ ಅಲ್ವಾ ಇದು. ಆ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯೊಳಗಿನ ಪೆಕ್ಟಿನ್ ಹಿಡಿದು ಗಟ್ಟಿ ಮಾಡುತ್ತದೆ. ಬೆಂಗಳೂರಿನವರು ಬೇಳೆಗೆ ಮಾತ್ರ ಕಾವೇರಿ ನೀರು ಎತ್ತಿಡುವುದು ಸುಮ್ನೆ ಅಲ್ಲ. ಬೇಳೆ ಹಳೆಯದಾದರೂ ಹಾಗೇ. ವರ್ಷ ದಾಟಿದ ಮಾಲು ಯಾವ ನೀರಿಗೂ ಬಗ್ಗುವುದಿಲ್ಲ.

ಸೋಡಾ ಮಾತ್ರ ಚಿಟಿಕೆ ದಾಟಬಾರದು. ಜಾಸ್ತಿಯಾದರೆ ಸೋಪಿನ ರುಚಿ.

ಹಳೇ_ಕುಕ್ಕರ್
ನನ್ನ ಕುಕ್ಕರ್ ಮಾತು ಯಾರೂ ಕೇಳಲಿಲ್ಲ.

ಮೈಸೂರಿನಲ್ಲಿ ಮಾಡಿ ನೋಡಿದ್ದೇನೆ, ನಾನು ಸಸ್ಯಾಹಾರಿ. ಮಗಳು ಲೀಡ್ಸ್‌ನಲ್ಲಿದ್ದಾಗ ಬರೆದುಕೊಂಡು ಬಂದದ್ದು. ನೆನೆದ ಬೇಳೆ ಒಂದು ಅಳತೆ, ನೀರು ಎರಡೂವರೆ. ಈರುಳ್ಳಿ ಹೋಳು, ಒಂದು ಬೇ ಎಲೆ, ಅರ್ಧ ಚಮಚ ಎಣ್ಣೆ. ಎಣ್ಣೆ ಯಾಕೆ ಅಂದರೆ ಈ ಬೇಳೆ ತೊಗರಿಗಿಂತ ಜಾಸ್ತಿ ನೊರೆ ಕಟ್ಟುತ್ತದೆ, ನೊರೆ ವೆಯಿಟ್ ತೂತಿಗೆ ಹೋಗಿ ಕೂರುತ್ತದೆ. ಕುಕ್ಕರನ್ನು ಮೂರನೇ ಒಂದು ಭಾಗಕ್ಕಿಂತ ಮೇಲೆ ತುಂಬಬೇಡಿ. ನಾಲ್ಕು ಸೀಟಿ, ಆಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಪ್ರೆಷರ್ ತಾನಾಗಿ ಇಳಿಯಲಿ. ಕಡೆಗೋಲು ಹಿಡಿದು ನಾಲ್ಕು ಸುತ್ತು ಕಡೆದರೆ ರೇಷ್ಮೆ ಹಾಗೆ ಆಗುತ್ತದೆ.

ಆದರೆ ನಿಜ ಹೇಳಲಾ? ರುಚಿ ಏನೂ ಇಲ್ಲ. ಅರಿಶಿನ ಇಲ್ಲ, ಇಂಗಿಲ್ಲ, ಶುಂಠಿ ಇಲ್ಲ. ನಮ್ಮ ತೊವ್ವೆಯನ್ನು ಅನಾಥ ಮಾಡಿ ಬಿಟ್ಟ ಹಾಗಿತ್ತು. ಕೊನೆಗೆ ಸಾಸಿವೆ, ಇಂಗು, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟೆ. ಆಗ ಎಲ್ಲರೂ ಬಟ್ಟಲು ನೆಕ್ಕಿದರು. ಅಮ್ಮಣ್ಣಿ, ನೀವೂ ಹಾಗೇ ಮಾಡಿ.

ಸಂಡರ್‌ಲ್ಯಾಂಡ್_ಸೌಟು
ಅಮ್ಮ, ದಯವಿಟ್ಟು ಬೇಡ. ಒಗ್ಗರಣೆ ಬಿದ್ದ ಕ್ಷಣ ಅದು ತೊವ್ವೆ. ತೊವ್ವೆ ಚೆನ್ನಾಗಿಯೇ ಇರುತ್ತದೆ, ಯಾರು ಇಲ್ಲ ಅಂದರು? ಆದರೆ ಆ ಅಜ್ಜಿಗೆ ಬಡಿಸಬೇಕಾದದ್ದು ಅದಲ್ಲ.

ಹಳೇ_ಕುಕ್ಕರ್
ಹಾಗಾದರೆ ಸಪ್ಪೆಯನ್ನು ಸಪ್ಪೆ ಅನ್ನಬಾರದಾ?

ಸಕ್ಕರೆನಾಡು
ಅಮ್ಮ, ಮಂಡ್ಯದವನು ನಾನು, ಒಂದು ಮಾತು ಕೇಳಿ. ಮುದ್ದೆಯನ್ನು ಬರೀ ಬಾಯಲ್ಲಿ ಮುರಿದು ತಿಂದು "ಸಪ್ಪೆ" ಅಂತ ಯಾರಾದರೂ ದೂರುತ್ತಾರಾ? ಮುದ್ದೆಯ ಕೆಲಸವೇ ಬೇರೆ. ಉಪ್ಪೆಸರಿನ ಉಪ್ಪು, ಖಾರ ತಡೆಯುವುದಕ್ಕೆ ಅದು ಇರುವುದು. ಇಲ್ಲೂ ಅಷ್ಟೇ ಅನ್ನಿಸುತ್ತದೆ. ಆ ಕಡೆ ಉಪ್ಪಿನಲ್ಲಿ ನೆನೆದ ಮಾಂಸ, ಈ ಕಡೆ ಸಪ್ಪೆ ಬೇಳೆ. ನೀವು ಮುದ್ದೆ ಒಂದನ್ನೇ ಮಾಡಿ ಸಾರು ಮರೆತಿದ್ದೀರಿ.

ಸಂಡರ್‌ಲ್ಯಾಂಡ್_ಸೌಟು
ಒಂಬತ್ತು ವರ್ಷ ಗಿರಾಕಿಗಳಿಗೆ ವಿವರಿಸಲು ಆಗದೆ ಇದ್ದದ್ದನ್ನು ಮಂಡ್ಯದವರು ಮುದ್ದೆಯಲ್ಲಿ ಮುಗಿಸಿದರು.

ಇಲ್ಲಿ ಅದನ್ನು ತಿನ್ನುವ ರೀತಿ ನೋಡಿ. ಸ್ಟಾಟಿ ಅಂತ ಬ್ರೆಡ್ಡು, ಊಟದ ತಟ್ಟೆಯಷ್ಟು ಅಗಲ, ಚಪ್ಪಟೆ, ಅಗಿಯಲು ಗಟ್ಟಿ. ಅದರೊಳಗೆ ಹ್ಯಾಮ್, ಮೇಲೆ ತಣ್ಣಗಿನ ಪೀಸ್ ಪುಡಿಂಗ್. ಗಟ್ಟಿ, ಉಪ್ಪು, ಮೆತ್ತಗೆ, ಮೂರೂ ಒಂದೇ ತುತ್ತಿಗೆ ಬರಬೇಕು. ನ್ಯೂಕಾಸಲ್ಲಿನಲ್ಲೇ ಹುಟ್ಟಿದ ಗ್ರೆಗ್ಸ್ ಬೇಕರಿ ಈ ಭಾಗದ ಅಂಗಡಿಗಳಲ್ಲಿ ಇದನ್ನು ಮಾರುತ್ತದೆ. ಸೌತ್ ಶೀಲ್ಡ್ಸ್ ಕಡೆ ಹೋದರೆ ಸ್ಯಾವಲಾಯ್ ಡಿಪ್ ಸಿಗುತ್ತದೆ. ಕೆಂಪು ಸಾಸೇಜು, ಪೀಸ್ ಪುಡಿಂಗ್, ಸ್ಟಫಿಂಗ್, ಸಾಸಿವೆ, ಎಲ್ಲ ಬನ್ನಿನೊಳಗೆ ತುರುಕಿ, ಬನ್ನನ್ನೇ ಗ್ರೇವಿಯಲ್ಲಿ ಅದ್ದಿ ಕೊಡುತ್ತಾರೆ. ಕೈಯೆಲ್ಲ ಅಂಟು. ಅಮ್ಮ, ಸಾಸಿವೆ ಇಲ್ಲಿಯವರೂ ಹಾಕುತ್ತಾರೆ, ಚಟಪಟ ಅನ್ನಿಸುವುದಿಲ್ಲ ಅಷ್ಟೇ.

ಮಡಿಕೇರಿ_ಮಳೆ
ಹಂದಿ ಮಾಂಸದ ವಿಷಯ ಬಂತು, ಸುಮ್ಮನೆ ಇರಲು ಆಗುವುದಿಲ್ಲ. ನಾವು ಕೊಡಗಿನವರು ಪಂದಿ ಕರಿಗೆ ಕೊನೆಯಲ್ಲಿ ಕಾಚಂಪುಳಿ ಹಾಕುತ್ತೇವೆ. ಕೊಬ್ಬಿನ ಮಾಂಸಕ್ಕೆ ಹುಳಿ ಇಲ್ಲದಿದ್ದರೆ ನಾಲಿಗೆ ಬೇಗ ಸೋಲುತ್ತದೆ. ಪೀಸ್ ಪುಡಿಂಗ್ ಮೇಲೆ ಮಾಲ್ಟ್ ವಿನೆಗರ್ ಚಿಮುಕಿಸಿಕೊಳ್ಳುವುದನ್ನು ಡರಮ್ ಊರಲ್ಲಿ ನೋಡಿದ್ದೇನೆ. ಮನೆಯಲ್ಲಿ ನಾನು ಎರಡು ಹನಿ ಕಾಚಂಪುಳಿ ಬಿಟ್ಟುಕೊಳ್ಳುತ್ತೇನೆ.

ಹುಳಿ ಮಾತ್ರ ಬೇಳೆ ಪೂರ್ತಿ ಬೆಂದ ಮೇಲೆ. ಹುಳಿಗೆ ಹುಣಸೆಹಣ್ಣು ಯಾವಾಗ ಹಾಕಬೇಕು ಅಂತ ಇಲ್ಲಿರುವವರಿಗೆ ಹೇಳಿಕೊಡಬೇಕಿಲ್ಲವಲ್ಲ.

ರೆಡಿಂಗ್_ರಾಯ
ಸಣ್ಣ ಅಡ್ಡದಾರಿ. ಲಂಡನ್ನಿನ ಹಳೆಯ ಮಂಜಿಗೆ "ಪೀ ಸೂಪರ್" ಅಂತ ಹೆಸರಿತ್ತು. ಕಲ್ಲಿದ್ದಲ ಹೊಗೆ ಸೇರಿ ಮಂಜು ಹಳದಿಯಾಗಿ, ಬಟಾಣಿ ಬೇಳೆ ಸೂಪಿನ ಹಾಗೆ ದಪ್ಪವಾಗಿರುತ್ತಿತ್ತು. 1952ರ ಡಿಸೆಂಬರ್ 5ರಿಂದ 9ರವರೆಗೆ ಅಂಥದ್ದೊಂದು ಕವಿದು ಸಾವಿರಾರು ಜನ ಸತ್ತರು. 1956ರಲ್ಲಿ ಕ್ಲೀನ್ ಏರ್ ಆ್ಯಕ್ಟ್ ಬಂದದ್ದು ಅದರಿಂದಲೇ. ತಮಾಷೆ ಏನು ಅಂದರೆ, ಮಂಜಿಗಿದ್ದ "ಲಂಡನ್ ಪರ್ಟಿಕ್ಯುಲರ್" ಅನ್ನೋ ಇನ್ನೊಂದು ಹೆಸರನ್ನು ತಿರುಗಿ ಸೂಪಿಗೇ ಇಟ್ಟರು. ಸೂಪಿನಿಂದ ಮಂಜಿಗೆ, ಮಂಜಿನಿಂದ ಸೂಪಿಗೆ.

ಕುಡ್ಲ_ಕುವರ
ಇವರನ್ನು ಯಾರಾದರೂ ಅಡುಗೆಮನೆಗೆ ವಾಪಸ್ ಕರೆದುಕೊಂಡು ಬನ್ನಿ ಮಾರಾಯ್ರೆ.

ಗೇಟ್ಸ್‌ಹೆಡ್_ಅಮ್ಮಣ್ಣಿ
ಶನಿವಾರ ರಾತ್ರಿಯ ವರದಿ. ಬಟಾಣಿ ಬೇಳೆ ಸಿಕ್ಕಿತು. ಸಿಂಕ್ ಪಕ್ಕದಲ್ಲಿ ಎರಡು ಪಾತ್ರೆ, ಒಂದರಲ್ಲಿ ಬೇಳೆ, ಒಂದರಲ್ಲಿ ಹಾಕ್. ಯಜಮಾನರು ಸಸ್ಯಾಹಾರಿ, ಅವರಿಗೆ ಬೇರೆಯಾಗಿ ಕುಕ್ಕರ್‌ನಲ್ಲಿ ಇಡುತ್ತೇನೆ, ಹಳೇ ಕುಕ್ಕರ್ ಅಮ್ಮ ಹೇಳಿದ ಅಳತೆಯಲ್ಲೇ. ಮಸ್ಲಿನ್ ಬಟ್ಟೆ ಸಿಗಲಿಲ್ಲ. ಮಾವನವರು ಬಿಟ್ಟುಹೋದ ಹಳೆ ಪಂಚೆ ಇದೆ. ನಡೆಯುತ್ತದಾ?

ಸಂಡರ್‌ಲ್ಯಾಂಡ್_ಸೌಟು
ಬಿಳಿದು, ಹತ್ತಿಯದು ಆದರೆ ಧಾರಾಳವಾಗಿ. ಸೋಪಿನ ವಾಸನೆ ಹೋಗುವ ತನಕ ಬರೀ ಬಿಸಿನೀರಲ್ಲಿ ಕುದಿಸಿ ತೆಗೆಯಿರಿ. ಸಾಫ್ಟ್‌ನರ್ ಹಾಕಿ ಒಗೆದದ್ದಾದರೆ ಬೇಡವೇ ಬೇಡ.

ಇನ್ನೊಂದು ಮಾತು. ಮಸೆದು ಮುಗಿಸಿದಾಗ ತೆಳ್ಳಗೆ ಕಾಣುತ್ತದೆ, ಗಾಬರಿಯಾಗಿ ಮತ್ತೆ ಒಲೆ ಮೇಲಿಡಬೇಡಿ. ಆರಿದ ಮೇಲೆ ಗಟ್ಟಿಯಾಗುತ್ತದೆ. ಬಿಸಿಯಲ್ಲಿ ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇದ್ದರೆ ಸಾಕು.

ದಿನಸಿ_ತುಮಕೂರು
ಮಾವನವರಿಗೆ ಹೇಳಬೇಡಿ ಮೇಡಂ.

ಗೇಟ್ಸ್‌ಹೆಡ್_ಅಮ್ಮಣ್ಣಿ
ಆಯಿತು! ಭಾನುವಾರ ರಾತ್ರಿ, ಪಾತ್ರೆ ತೊಳೆದು ಬರೆಯುತ್ತಿದ್ದೇನೆ.

ಗಂಟು ಎತ್ತುವಾಗ ಅದು ನೀರು ಕುಡಿದು ಮಗುವಿನ ತಲೆಯಷ್ಟು ದಪ್ಪ ಆಗಿತ್ತು. ಸಡಿಲ ಕಟ್ಟಿದ್ದು ಒಳ್ಳೆಯದಾಯಿತು. ಬಟ್ಟೆ ಬಿಚ್ಚಿದಾಗ ಮೇಲ್ಗಡೆ ಪಂಚೆಯ ನೇಯ್ಗೆ ಗುರುತು ಸಾಲುಸಾಲಾಗಿ ಅಚ್ಚೊತ್ತಿತ್ತು. ಸೌಟು ತಾಗಿಸಿದರೆ ಕುಸಿಯಿತು. ಬೆಣ್ಣೆ, ಬಿಳಿ ಮೆಣಸು, ಎರಡು ಸೌಟು ಮಾಂಸದ ನೀರು. ಬಟ್ಟಲಿಗೆ ಸುರಿದಾಗ ಹರಿಯುತ್ತಿತ್ತು, ಎದೆ ಧಸಕ್ ಅಂತು. ಮುಟ್ಟದೆ ಬಿಟ್ಟೆ. ಒಂದು ಗಂಟೆ ಬಿಟ್ಟು ನೋಡಿದರೆ ಮೇಲೆ ತೆಳ್ಳಗೆ ಕೆನೆ ಕಟ್ಟಿದ ಹಾಗೆ, ಚಮಚ ನೆಟ್ಟರೆ ನೆಟ್ಟಗೆ ನಿಂತಿತು.

ಅಜ್ಜಿ ಹನ್ನೆರಡೂವರೆಗೆ ಬಂದರು. ಆಗಲೇ ಯಜಮಾನರ ಕುಕ್ಕರ್ ಸೀಟಿ ಹೊಡೆಯಿತು. ಪಾಪ, ಕೋಟು ಅರ್ಧ ಬಿಚ್ಚಿದ್ದವರು ಹಾಗೇ ನಿಂತುಬಿಟ್ಟರು. ಫೈರ್ ಅಲಾರ್ಮ್ ಅಂದುಕೊಂಡರಂತೆ.

ಸ್ಟಾಟಿಗೆ ನಾನು ತೆಳ್ಳಗೆ ಹಚ್ಚಿದ್ದೆ, ನಾವು ಬ್ರೆಡ್ಡಿಗೆ ಬೆಣ್ಣೆ ಹಚ್ಚುವ ಹಾಗೆ. ಅವರು ಚಾಕು ಇಸಿದುಕೊಂಡು ಹೆಬ್ಬೆರಳು ದಪ್ಪ ಮೆತ್ತಿದರು. ಒಂದು ತುತ್ತು ತಿಂದು ಏನೂ ಹೇಳಲಿಲ್ಲ. ಎರಡನೇ ತುತ್ತಿಗೆ ವಿನೆಗರ್ ಎಲ್ಲಿ ಅಂದರು. ಅರ್ಧ ಮುಗಿಸಿದ ಮೇಲೆ ಹೇಳಿದ್ದು ಇಷ್ಟೇ, "ಬೇಳೆ ಸರಿಯಾಗಿದೆ. ಬ್ರೆಡ್ಡು ಅಂಗಡಿದು." ಅವರ ಅಮ್ಮ ಸ್ಟಾಟಿ ಮನೆಯಲ್ಲೇ ಸುಡುತ್ತಿದ್ದರಂತೆ, ಒಲೆಯ ತಳದಲ್ಲಿ, ಉಳಿದ ಹಿಟ್ಟಿನಿಂದ. ಅಪ್ಪ ಕಲ್ಲಿದ್ದಲ ಗಣಿಯಲ್ಲಿ ಕೆಲಸದಲ್ಲಿದ್ದರು. ಒಂದೇ ಬೆಂಕಿ, ಒಂದೇ ಪಾತ್ರೆ, ಒಳಗೆ ಮಾಂಸ, ಪಕ್ಕದಲ್ಲಿ ಬೇಳೆ ಗಂಟು. ಇದನ್ನು ಹೇಳುವಾಗ ಅವರ ಕೈ ಗಾಳಿಯಲ್ಲಿ ಗಂಟು ಕಟ್ಟುತ್ತಿತ್ತು.

ಯಜಮಾನರು ತಮ್ಮ ಪಾಲನ್ನು ಮೊದಲು ಬರಿದೇ ತಿಂದು ಮುಖ ಮಾಡಿದರು. ಮಂಡ್ಯದವರ ಮಾತು ನೆನಪಾಗಿ ನಿಂಬೆಕಾಯಿ ಉಪ್ಪಿನಕಾಯಿ ಪಕ್ಕಕ್ಕಿಟ್ಟೆ. ಎರಡು ಸಲ ಹಾಕಿಸಿಕೊಂಡರು.

ಹಳೇ_ಕುಕ್ಕರ್
ಉಪ್ಪಿನಕಾಯಿ ಒಗ್ಗರಣೆಯಲ್ಲಿ ಸಾಸಿವೆ, ಇಂಗು ಇತ್ತು ತಾನೇ? ಅಷ್ಟೇ ನಾನು ಕೇಳಿದ್ದು.

ಸಂಡರ್‌ಲ್ಯಾಂಡ್_ಸೌಟು
ಸೋತೆ ಅಮ್ಮ.

ಕುಡ್ಲ_ಕುವರ
ಉಳಿದದ್ದು ಎಷ್ಟು ದಿನ ಇಡಬಹುದು? ಇಂಗ್ಲಿಷ್ ಶಿಶುಗೀತೆಯಲ್ಲಿ ಒಂಬತ್ತು ದಿನದ ಹಳೆಯದು ಅಂತ ಬರುತ್ತದಲ್ಲ.

ಮಡಿಕೇರಿ_ಮಳೆ
ಹಾಡಿಗೆ ಹೊಟ್ಟೆ ಕೆಡುವುದಿಲ್ಲ, ನಮಗೆ ಕೆಡುತ್ತದೆ. ಫ್ರಿಜ್ಜಿನಲ್ಲಿ ಮೂರು ದಿನ. ಜಾಸ್ತಿ ಇದ್ದರೆ ಫ್ರೀಜರ್‌ಗೆ ಹಾಕಿ. ಗಟ್ಟಿಯಾದದ್ದನ್ನು ಬಿಲ್ಲೆ ಕೊಯ್ದು ಬೆಣ್ಣೆಯಲ್ಲಿ ಕೆಂಪಗೆ ಕಾಯಿಸಿದರೆ ಬೆಳಗಿನ ತಿಂಡಿಗೆ ಚೆನ್ನ. ಮಾಂಸ ಬೆಂದ ನೀರು ಚೆಲ್ಲಿಲ್ಲ ತಾನೇ ಅಕ್ಕ? ಉಳಿದ ಬೇಳೆ ಅದರಲ್ಲಿ ಕದಡಿ ಕುದಿಸಿದರೆ ಸೂಪ್ ಆಯಿತು. ಉಪ್ಪು ಜಾಸ್ತಿ ಅನ್ನಿಸಿದರೆ ಅರ್ಧಕ್ಕರ್ಧ ನೀರು ಬೆರೆಸಿ.

ಗೇಟ್ಸ್‌ಹೆಡ್_ಅಮ್ಮಣ್ಣಿ
ಚೆಲ್ಲಿಲ್ಲ. ನೀವು ಹೇಳಿದ ಹಾಗೇ ಈಗ ಒಲೆ ಮೇಲೆ ಕುದಿಯುತ್ತಿದೆ. ಹೊರಗೆ ಎರಡು ಡಿಗ್ರಿ, ಒಳಗೆ ಕಿಟಕಿ ಗಾಜಿನ ತುಂಬ ಆವಿ. ಎದುರು ಮನೆಯ ದೀಪ ಹಳದಿಯಾಗಿ ಮಸುಕು ಮಸುಕು ಕಾಣುತ್ತಿದೆ. ರೆಡಿಂಗ್ ರಾಯರೇ, ಈಗ ಬೇಕಾದರೆ ಮಂಜಿನ ಕಥೆ ಮುಂದುವರಿಸಿ.